ತಿಥಿಯ ದಿನ ಹಾಕಿದ ಸಹಿ

ಅಡಾಜಣ್, ಸೂರತ್
೧೨ ಜನವರಿ ೨೦೦೫, ಬುಧವಾರ

ನನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ ನಮ್ಮ ಮನೆಯವರಿಗೆ,

ಯಶೋದೆಯ ನಮಸ್ಕಾರಗಳು. ಅಲ್ಲಿ ಕ್ಷೇಮವೇ ಎಂದು ಕೇಳುವುದಿಲ್ಲ, ಇಲ್ಲಿ ಕ್ಷೇಮ ಎಂದು ಬರೆಯುವುದೂ ಇಲ್ಲ. ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ನಾನು ನಿಮಗೆ ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲಿನ ಎರಡು, ಮಗಳು ಅರ್ಪಿತಾ ಹುಟ್ಟುವಾಗ ಬಾಣಂತನಕ್ಕೆ ಉಡುಪಿಗೆ ಹೋಗಿ ಬರೆದವು. ಅವುಗಳಲ್ಲಿ ತೊಟ್ಟಿಲು, ಹೆಸರು, ಮಗುವಿನ ಕೆಮ್ಮು ಬಿಟ್ಟರೆ ಬೇರೇನೂ ಇರಲಿಲ್ಲ. ಇದು ಹಾಗಲ್ಲ ಮಾರಾಯ್ರೆ. ಹೋಟೆಲಿನ ಗಲ್ಲಾದ ಮೇಲೆ ಇಟ್ಟುಕೊಂಡು ಓದಬೇಡಿ. ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ. ಅರ್ಧಕ್ಕೆ ಬಿಟ್ಟು ದುಮುದುಮು ಎಂದು ಎದ್ದು ಹೋಗುವ ಅಭ್ಯಾಸ ನಿಮಗುಂಟು, ಅದಕ್ಕೇ ಮೊದಲೇ ಹೇಳಿದೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಕೇಸಿನ ಮಾತು ಎತ್ತಬೇಡ, ಭಯೋತ್ಪಾದಕರ ಮೇಲಿನ ಈ ಕಾನೂನು ಬಂದ ಮೇಲೆ ಯಾರ ಫೋನನ್ನು ಯಾರು ಕೇಳುತ್ತಾರೆ ಎಂದು ದೇವರಿಗೂ ಗೊತ್ತಿಲ್ಲ ಎಂದವರು ನೀವೇ. ಕನ್ನಡದ ಕಾಗದವನ್ನು ಒಡೆದರೂ ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಠಾಣೆಯಲ್ಲಿ ಓದುವವರು ಯಾರೂ ಇಲ್ಲ. ಆದರೂ ಟಪಾಲಿಗೆ ಹಾಕುವುದಿಲ್ಲ. ಅನಂತರಾಮ ಭಾವನ ಬ್ಯಾಂಕಿನವರೊಬ್ಬರು ಉತ್ತರಾಯಣದ ಹಬ್ಬಕ್ಕೆ ಅಹಮದಾಬಾದಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಶುಕ್ರವಾರ ನಿಮಗೆ ಸಿಗುತ್ತದೆ. ಸೋಮವಾರ ಹದಿನೇಳನೇ ತಾರೀಕು ಕೋರ್ಟಿನಲ್ಲಿ ನಿಮ್ಮ ಸಾಕ್ಷಿ. ನಡುವೆ ಯೋಚನೆ ಮಾಡಲು ಎರಡು ದಿನ ಉಂಟು.

ನಾನು ಯಾಕೆ ನಿಮ್ಮನ್ನು ಬಿಟ್ಟು ಈ ಅಕ್ಕ-ಭಾವನ ಮನೆಗೆ ಬಂದೆ ಎಂದು ಇಂದಿರಕ್ಕನ ಹತ್ತಿರ ಕೇಳಿದಿರಂತೆ. 'ಅವಳಿಗೆ ಎಂತ ಕಡಿಮೆ ಮಾಡಿದ್ದೇನೆ, ಹೊಡೆದೆನಾ, ಬೈದೆನಾ' ಎಂದಿರಂತೆ. ಇಲ್ಲ, ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈಯುವ ಕೆಲಸವನ್ನೆಲ್ಲ ನಮ್ಮ ಮನೆಯಲ್ಲಿ ನಾನೇ ವಹಿಸಿಕೊಂಡವಳು. ದೀಪಾವಳಿ ಮುಗಿದ ಮರುವಾರ ಒಂದು ಬೆಳಿಗ್ಗೆ ನೀವು ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದಿರಿ. ಬಾಯಲ್ಲಿ ಏನೋ ಮಣಮಣ ಕೇಳುತ್ತಿತ್ತು. ಮಂತ್ರ ಇರಬೇಕು ಎಂದುಕೊಂಡೆ. ಟವೆಲು ಕೊಡಲು ಬಾಗಿಲ ಹತ್ತಿರ ಬಂದಾಗ ಸರಿಯಾಗಿ ಕೇಳಿಸಿತು. 'ಬಾಗಿಲು ಪೂರ್ವಕ್ಕೆ. ಎಡಗಡೆ ಮೇಜು. ಮೇಜಿನ ಕೆಳಗೆ ನೀಲಿ ಡಬ್ಬ. ಡಬ್ಬದಲ್ಲಿ ಬಿಳಿ ಪುಡಿ. ಗೋಡೆಯ ಗೂಡಿನಲ್ಲಿ ಕಾಗದದ ಕಟ್ಟು.' ಮತ್ತೆ ಮೊದಲಿನಿಂದ, 'ಬಾಗಿಲು ಪೂರ್ವಕ್ಕೆ.' ನಾನು ಟವೆಲನ್ನು ಅಲ್ಲೇ ಬಾಗಿಲಿನ ಮೇಲೆ ಎಸೆದು ಒಳಗೆ ಹೋಗಿ ಸೂಟ್‌ಕೇಸು ತೆಗೆದೆ.

ವಟ್ವಾದಲ್ಲಿರುವ ಇಲ್ಯಾಸನ ಅಂಗಡಿಗೆ ನೀವು ಇದುವರೆಗೆ ಕಾಲಿಟ್ಟವರಲ್ಲ. ಅದರ ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ ನಿಮಗೆ ಎಂತ ಗೊತ್ತು? ಸಾಹೇಬರು ದಿನಾ ಮಧ್ಯಾಹ್ನ ಮೂರು ಗಂಟೆಗೆ ಬಂದು, ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು, ಬಿಲ್ ಬುಕ್ಕಿನ ಹಿಂಬದಿಯಲ್ಲಿ ನಕ್ಷೆ ಬರೆದು ನಿಮಗೆ ಪಾಠ ಮಾಡಿದ್ದಕ್ಕೆ ಗೊತ್ತು. ನೀವು ತಪ್ಪಿದರೆ ಅವರು ನಗುತ್ತಿದ್ದರು. 'ಅಣ್ಣಾಭಾಯ್, ದೋಸೆ ಹಾಕುವವರಿಗೆ ಇಷ್ಟು ನೆನಪಿರುವುದಿಲ್ಲವಾ' ಎನ್ನುತ್ತಿದ್ದರು. ನೀವೂ ನಗುತ್ತಿದ್ದಿರಿ.

ಇಲ್ಯಾಸ್ ಯಾರು ಎಂದು ನಿಮಗೆ ನೆನಪು ಮಾಡಿಕೊಡಬೇಕಾ? ಮೋಟಾರು ಸುಟ್ಟರೆ ತಾಮ್ರದ ತಂತಿ ಸುತ್ತಿಕೊಡುವ ಹುಡುಗ. ಒಂಬತ್ತು ವರ್ಷ ನಮ್ಮ ಗ್ರೈಂಡರನ್ನು ನೋಡಿಕೊಂಡವನು. ನಿಮ್ಮನ್ನು ಕಾಕಾ ಎಂದು, ನನ್ನನ್ನು ಕಾಕಿ ಎಂದು ಕರೆದವನು. ೨೦೦೨ನೇ ಇಸವಿಯ ಆ ಮಾರ್ಚಿನ ಗಲಭೆಯಲ್ಲಿ ಊರು ಹೊತ್ತಿ ಉರಿಯುತ್ತಿದ್ದಾಗ ಅವನನ್ನು ಐದು ದಿನ ಅಕ್ಕಿ ಮೂಟೆಗಳ ಹಿಂದೆ ಗೋಡೌನಿನಲ್ಲಿ ಅಡಗಿಸಿ, ಚಟ್ನಿಯ ಡಬ್ಬದಲ್ಲಿ ಅನ್ನ ಕೊಂಡುಹೋಗಿ ಕೊಟ್ಟವರು ನೀವು. ಬೇಡ ಎಂದವಳು ನಾನು. 'ನಮಗೂ ಬೆಳೆದ ಮಗಳಿದ್ದಾಳೆ, ಊರಿಗೆಲ್ಲ ಉಪಕಾರ ಮಾಡಲು ನೀವು ಯಾವ ಮಠದ ಸ್ವಾಮಿಗಳು' ಎಂದು ಕೂಗಾಡಿದ್ದೆ. ನೀವು ಡಬ್ಬ ಹಿಡಿದು ಹೋದಿರಿ. ಅಂಥ ಮನುಷ್ಯ ಇವತ್ತು ಬಚ್ಚಲಿನಲ್ಲಿ ನಿಂತು ನೀಲಿ ಡಬ್ಬದ ಮಂತ್ರ ಹೇಳುತ್ತಿದ್ದಾರೆ ಎಂದರೆ ನಾನು ಹೇಗೆ ಸಹಿಸಲಿ?

ನಿಮ್ಮ ಹೆದರಿಕೆ ನನಗೆ ಗೊತ್ತುಂಟು. ಸಾಹೇಬರಿಗೆ ಆ ಐದು ದಿನದ ವಿಷಯ ಯಾರೋ ಹೇಳಿದ್ದಾರೆ. 'ಆತಂಕವಾದಿಗೆ ಜಾಗ ಕೊಟ್ಟವರನ್ನೂ ಈ ಕಾನೂನು ಬಿಡುವುದಿಲ್ಲ ಅಣ್ಣಾಭಾಯ್, ನಿಮ್ಮ ಒಳ್ಳೆಯತನ ನನಗೆ ಗೊತ್ತು, ಕೋರ್ಟಿಗೆ ಗೊತ್ತಿಲ್ಲ' ಎಂದು ಅವರು ಹೇಳಿದ್ದನ್ನು ನಾನು ಪರದೆಯ ಈಚೆ ನಿಂತು ಕೇಳಿದ್ದೇನೆ. ಅದಾದ ಮೇಲೆ, ಅರ್ಪಿತಾ ವಡೋದರದಲ್ಲಿ ಯಾವ ಹಾಸ್ಟೆಲಿನಲ್ಲಿದ್ದಾಳೆ ಎಂದು ಕೇಳಿದರು. ಬರೀ ಕೇಳಿದರು, ಅಷ್ಟೇ. ನೀವು ಹೇಳಿದಿರಿ, ರೂಮ್ ನಂಬರ್ ಸಮೇತ.

ಈಗ ಆ ದಿನದ ಸಂಗತಿ. ನೀವು ಅದನ್ನು ಮರೆತವರಂತೆ ನಟಿಸಬಹುದು, ನಾನು ಮರೆಯಲು ಆಗುವುದಿಲ್ಲ. ಪೊಲೀಸರ ಪಂಚನಾಮೆಯಲ್ಲಿ ೨೦೦೩ನೇ ಇಸವಿ ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ ಎಂದು ಉಂಟು. ಬೆಳಿಗ್ಗೆ ಹತ್ತೂ ನಲವತ್ತರಿಂದ ಹನ್ನೆರಡೂ ಇಪ್ಪತ್ತೈದರವರೆಗೆ ಸಾಕ್ಷಿ ಪಂಚರಿಬ್ಬರು ಇಲ್ಯಾಸನ ಅಂಗಡಿಯಲ್ಲಿ ಹಾಜರಿದ್ದು, ತಮ್ಮ ಕಣ್ಣೆದುರೇ ಸಾಮಾನು ಸಿಕ್ಕಿತು ಎಂದು ಬರೆದು, ಕೆಳಗೆ ಮೊದಲನೇ ಪಂಚರಾಗಿ ನಿಮ್ಮ ಸಹಿ. ಎರಡನೆಯವನು ಠಾಣೆಯ ಎದುರಿನ ಗಲ್ಲೆಯಲ್ಲಿ ಪಾನ್ ಮಾರುವವನು. ಅವನು ಹೋದ ವರ್ಷ ತೀರಿಕೊಂಡ. ಹಾಗಾಗಿ ಉಳಿದವರು ನೀವೊಬ್ಬರೇ.

ಇಪ್ಪತ್ತೆರಡನೇ ತಾರೀಕು ಶ್ರಾವಣ ಬಹುಳ ದಶಮಿ. ಮಾವನವರ ತಿಥಿ. ವರ್ಷದಲ್ಲಿ ನಮ್ಮ ಹೋಟೆಲು ಮುಚ್ಚುವುದೇ ಆ ಒಂದು ದಿನ. ಹೇಗೂ ಮುಚ್ಚುತ್ತೇವಲ್ಲ ಎಂದು ಹಿಂದಿನ ದಿನ ಗ್ರೈಂಡರಿನ ಮೋಟಾರನ್ನು ಇಲ್ಯಾಸನ ಕೈಯಲ್ಲಿ ರಿಪೇರಿಗೆ ಕಳಿಸಿದಿರಿ. ಬಾಲಚಂದ್ರ ಭಟ್ಟರು ವಡೋದರದ ಮಂಜಲ್‌ಪುರದಿಂದ ಬೆಳಗಿನ ರೈಲಿಗೆ ಬಂದರು, ಜೊತೆಗೆ ಇನ್ನೊಬ್ಬ ಬ್ರಾಹ್ಮಣರನ್ನೂ ಕರೆತಂದರು. ಹತ್ತು ಗಂಟೆಗೆ ನೀವು ಒದ್ದೆ ಪಂಚೆ ಉಟ್ಟು ಕೂತವರು, ಒಂದು ಗಂಟೆಯವರೆಗೂ ಮಣೆಯಿಂದ ಏಳಲಿಲ್ಲ. ನಾನು ಮಡಿಯಲ್ಲಿ ಒಳಗೆ ವಡೆ ಕರಿಯುತ್ತಿದ್ದೆ. ಎಲೆ ಹಾಕಿ ಬಡಿಸಿ ಆಗಿತ್ತು. ಆಗಲೇ ಬಾಗಿಲಿನಲ್ಲಿ ಬೂಟಿನ ಸದ್ದು ಕೇಳಿದ್ದು.

ಒಬ್ಬ ಜಮಾದಾರ, ಇನ್ನೊಬ್ಬ ಪೇದೆ, ಕೈಯಲ್ಲಿ ಫೈಲು. 'ಅಣ್ಣಾಭಾಯ್, ಒಂದು ಸಹಿ' ಎಂದರು. ನಿಮಗೆ ಇದು ಹೊಸದಲ್ಲ. ಠಾಣೆಗೆ ಹತ್ತಿರದ ಹೋಟೆಲಿನವರು ಎಂದು ಅವರು ದಾರೂ ಸಾರಾಯಿ ಕೇಸುಗಳಿಗೆಲ್ಲ ನಿಮ್ಮನ್ನೇ ಪಂಚರಾಗಿ ಬರೆದುಕೊಳ್ಳುತ್ತಿದ್ದರು. ದಾರೂವಿನ ಪೊಟ್ಟಣವನ್ನು ಕಣ್ಣಿನಲ್ಲೂ ನೋಡದ ನೀವು ಆರೋ ಏಳೋ ಕೇಸಿಗೆ ಗಲ್ಲಾದಲ್ಲೇ ಕೂತು ಸಹಿ ಹಾಕಿ ಕೊಟ್ಟಿದ್ದೀರಿ. ಹೋಟೆಲು ನಡೆಸುವವರು ಠಾಣೆಯವರಿಗೆ ಇಲ್ಲ ಎನ್ನಬಾರದು ಎಂಬುದು ನಿಮ್ಮ ಲೆಕ್ಕ. ಆದರೆ ಆ ದಿನ ನೀವು ತಡೆದಿರಿ, ಅದು ನನಗೆ ನೆನಪುಂಟು. 'ಎಂತದ್ದು ಇದು, ಇಷ್ಟು ಪುಟ ಉಂಟಲ್ಲ' ಎಂದಿರಿ. ಇಪ್ಪತ್ತೆರಡು ವರ್ಷದಿಂದ ಗುಜರಾತಿನಲ್ಲಿದ್ದು, ಗುಜರಾತಿ ಮಾತನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವ ನೀವು ಅದರ ಅಕ್ಷರ ಕಲಿಯಲಿಲ್ಲ. ಜಮಾದಾರ ಅದು ದಿನನಿತ್ಯದ ತಪಾಸಣೆ ಕಾಗದ ಎಂದ. ನೀವು ಒಳಗೆ ನನ್ನ ಕಡೆ ನೋಡಿದಿರಿ.

ಆಗ ನಾನು ಎಂತ ಹೇಳಿದೆ ಎಂಬುದನ್ನು ಇಬ್ಬರೂ ಇದುವರೆಗೆ ಬಾಯಿ ಬಿಟ್ಟು ಆಡಿಲ್ಲ. ಈಗ ನಾನೇ ಬರೆಯುತ್ತೇನೆ. 'ಎಲೆ ಹಾಕಿ ಆಗಿದೆ, ಬ್ರಾಹ್ಮಣರು ಕಾಯುತ್ತಿದ್ದಾರೆ, ಪಿತೃಗಳನ್ನು ಕಾಯಿಸಬೇಡಿ. ಒಂದು ಸಹಿ ಹಾಕಿ ಕಳಿಸಿಬಿಡಿ ಅತ್ಲಾಗೆ' ಎಂದೆ. ನೀವು ಬೆರಳಿನ ಪವಿತ್ರವನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಎಳ್ಳುನೀರಿನ ಒದ್ದೆ ಕೈಯಲ್ಲಿ ಐದು ಪುಟಕ್ಕೂ ಸಹಿ ಹಾಕಿದಿರಿ. ಅವರು ಹೋದರು. ಭಟ್ಟರು ನಿಮಗೆ ಮತ್ತೆ ಕೈ ತೊಳೆಯಿರಿ ಎಂದರು. ಊಟ ಆಯಿತು. ವಡೆ ಚೆನ್ನಾಗಿ ಬಂದಿದೆ ಎಂದು ಹೊಗಳಿಸಿಕೊಂಡೆ ಬೇರೆ.

ಎರಡು ದಿನ ಕಳೆದು ಇಲ್ಯಾಸನ ಫೋಟೋ ಪೇಪರಿನಲ್ಲಿ ಬಂತು. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ್ದರು, ಕಾಲಿನ ಚಪ್ಪಲಿ ನೋಡಿ ಗುರುತು ಹಿಡಿದೆ. ನೀವೇ ಕೊಡಿಸಿದ ಚಪ್ಪಲಿ. ಅಲ್ಲಿಂದ ಇವತ್ತಿಗೆ ಹದಿನೇಳು ತಿಂಗಳು. ಜಾಮೀನಿಲ್ಲ. ಬೇರೆ ಕೇಸಿನಲ್ಲಿ ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲವಂತೆ. ಈ ಕಾನೂನಿನಲ್ಲಿ ದೊಡ್ಡ ಅಧಿಕಾರಿಯ ಎದುರು ಹೇಳಿದರೆ ಸಾಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಹದಿನಾಲ್ಕು ಪುಟದ ಹೇಳಿಕೆ ಕೊಟ್ಟಿದ್ದಾನಂತೆ, ಅದೂ ತಾನಾಗಿಯೇ! ಕಾನೂನನ್ನು ದಿಲ್ಲಿಯಲ್ಲಿ ರದ್ದು ಮಾಡಿದರು ಎಂದು ಮೊನ್ನೆ ಪೇಪರಿನಲ್ಲಿ ಓದಿ ನಾನು ಕುಣಿದಾಡಿಬಿಟ್ಟೆ. ಭಾವ ಹೇಳಿದರು, 'ಸುಮ್ಮನಿರು ಯಶೋದಾ, ಮೊದಲೇ ಹಾಕಿದ ಕೇಸುಗಳು ಹಾಗೇ ನಡೆಯುತ್ತವೆ' ಎಂದು. ಸತ್ತ ಕಾನೂನು ಬದುಕಿದ ಹುಡುಗನನ್ನು ಹಿಡಿದುಕೊಂಡು ಕೂತಿದೆ. ಇದು ಯಾವ ಸೀಮೆಯ ನ್ಯಾಯ ನೀವೇ ಹೇಳಿ.

ನಿಮಗೆ ಗೊತ್ತಿಲ್ಲದ ಕೆಲವು ಸಂಗತಿಗಳುಂಟು. ಡಿಸೆಂಬರಿನಲ್ಲಿ, ಬಳೆ ತರಲು ಹೋಗುತ್ತೇನೆ ಎಂದು ಅಕ್ಕನಿಗೆ ಸುಳ್ಳು ಹೇಳಿ ನಾನು ಅಹಮದಾಬಾದಿಗೆ ಬಂದಿದ್ದೆ. ಮಣಿನಗರದಲ್ಲಿ ಇಳಿದು ನಮ್ಮ ಹೋಟೆಲಿನ ಎದುರಿನಿಂದಲೇ ಆಟೋದಲ್ಲಿ ಹೋದೆ. ನೀವು ಗಲ್ಲಾದಲ್ಲಿ ಕೂತಿದ್ದಿರಿ. ಬಹಳ ತೆಳ್ಳಗಾಗಿದ್ದೀರಿ. ಅಂಗಿಯ ಕಾಲರು ಕೊಳೆಯಾಗಿತ್ತು. ಇಳಿದುಬಿಡೋಣ ಎನಿಸಿತು, ಆಟೋದವನಿಗೆ ನಿಲ್ಲಿಸಲು ಹೇಳಲೂ ಬಾಯಿ ತೆರೆದೆ. ಆಮೇಲೆ ಫ್ಯಾಮಿಲಿ ರೂಮಿನ ಪರದೆ ಕಂಡಿತು, ಮುಂದೆ ಹೋಗು ಎಂದೆ.

ಹೋದದ್ದು ಇಲ್ಯಾಸನ ವಕೀಲೆ ಮಂದಾಕಿನಿಬೆನ್ ಅವರ ಆಫೀಸಿಗೆ. ವಯಸ್ಸಾದ ಹೆಂಗಸು, ಹತ್ತಿ ಸೀರೆ, ಮಾತು ಖಡಕ್. ಅಲ್ಲಿ ಇಲ್ಯಾಸನ ತಾಯಿ ಹಲೀಮಾಬೆನ್ ಸಹ ಕೂತಿದ್ದರು. ನನ್ನ ಗುರುತು ಹಿಡಿದು ಎದ್ದು ನಿಂತರು, ನಾನು ತಲೆ ಎತ್ತಲಾರದೆ ಹೋದೆ. 'ನಿಮ್ಮ ಗ್ರೈಂಡರು ಈಗ ಯಾರು ನೋಡುತ್ತಾರೆ ಬೆನ್' ಎಂದು ಕೇಳಿದರು. ಬೇರೆ ಏನೂ ಕೇಳಲಿಲ್ಲ. ಅದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು.

ಮಂದಾಕಿನಿಬೆನ್ ಪಂಚನಾಮೆಯ ಜೆರಾಕ್ಸ್ ನನ್ನ ಮುಂದಿಟ್ಟರು. ಐದು ಪುಟದಲ್ಲೂ ನಿಮ್ಮ ಸಹಿಯ ಪಕ್ಕ ಅಕ್ಷರಗಳು ಕಲಸಿ ಮಸುಕಾಗಿವೆ. ಇದು ಎಂತದ್ದು ಎಂದು ಅವರು ಕೇಳಿದರು. ಎಳ್ಳುನೀರು ಎಂದೆ. ಅವರಿಗೆ ಅರ್ಥವಾಗಲಿಲ್ಲ. ತಿಥಿ ಎಂದರೇನು, ಮಡಿ ಎಂದರೇನು, ಎದ್ದು ಯಾಕೆ ಹೋಗುವಂತಿಲ್ಲ ಎಂದು ಒಂದು ಗಂಟೆ ಹೊತ್ತು ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಸಿಕ್ಕ ಸಾಮಾನಿನ ಪಟ್ಟಿ ಓದಿ ಹೇಳಿದರು. ಒಂಬತ್ತನೆಯದು ಕೇಳಿ: ಒಂದು ವಿದ್ಯುತ್ ಮೋಟಾರು, ಮೇಲೆ ಸಂಶಯಾಸ್ಪದ ಕೆಂಪು ಪುಡಿಯ ಕಲೆಗಳು, ಪರೀಕ್ಷೆಗೆ ಕಳಿಸಲಾಗಿದೆ. ಅಯ್ಯೋ ದೇವರೇ! ಅದು ನಮ್ಮ ಗ್ರೈಂಡರಿನ ಮೋಟಾರು! ಆಯುಧಪೂಜೆಗೆ ನಾನೇ ನನ್ನ ಕೈಯಾರೆ ಹಚ್ಚಿದ ಕುಂಕುಮ ಅದು. ನಮ್ಮ ಮೋಟಾರು ನಮ್ಮ ಕಣ್ಣೆದುರೇ ಬಾಂಬಿನ ಸಾಮಾನಾಗಿ ಸಿಕ್ಕಿತು ಎಂದು ನೀವು ಸಹಿ ಹಾಕಿದ್ದೀರಿ. ನಾನು ಅಲ್ಲೇ ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು. ಹಲೀಮಾಬೆನ್ ನೀರು ಕೊಟ್ಟರು.

ವಾಪಸ್ ಬರುವಾಗ ವಡೋದರದಲ್ಲಿ ಇಳಿದು ಬಾಲಚಂದ್ರ ಭಟ್ಟರ ಮನೆಗೂ ಹೋದೆ. ಅವರು ಮಕರಪುರದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರಲ್ಲ, ಆ ದಿನ ರಜೆ ಹಾಕಿ ಬಂದಿದ್ದರು. ಅರ್ಜಿಯಲ್ಲಿ ಶ್ರಾದ್ಧ ಮಾಡಿಸಲು ಎಂದೇ ಬರೆದಿದ್ದಾರಂತೆ. ಕೋರ್ಟಿಗೆ ಬರುತ್ತೀರಾ ಎಂದೆ. 'ನನ್ನನ್ನು ಬಿಡಿ ಅಮ್ಮ, ಇನ್ನೂ ಆರು ವರ್ಷ ಸರ್ವಿಸ್ ಉಂಟು, ಈ ಕೇಸಿನ ಹೆಸರು ಕೇಳಿದರೇ ಚಳಿ ಬರುತ್ತದೆ' ಎಂದರು. ಅವರ ಹೆಂಡತಿ ಪದ್ಮಾ ಕಾಫಿ ಕೊಟ್ಟು, ಗೇಟಿನವರೆಗೂ ಬಂದು, ರಜೆ ಅರ್ಜಿಯ ನಕಲನ್ನು ನನ್ನ ಚೀಲಕ್ಕೆ ತುರುಕಿದಳು. ಭಟ್ಟರಿಗೆ ಹೇಳಬೇಡಿ ಎಂದಳು. ಅದು ಈಗ ವಕೀಲರ ಹತ್ತಿರ ಉಂಟು.

ಇಲ್ಲಿಯ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಭಾನುವಾರದಿಂದ ಎದುರು ಪಾನ್ ಗಲ್ಲೆಯ ಹತ್ತಿರ ಒಬ್ಬ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಕೂತಿರುತ್ತಾನೆ. ನಾನು ತರಕಾರಿಗೆ ಹೋದರೆ ಅವನೂ ಬರುತ್ತಾನೆ. ನಿನ್ನೆ ರಸ್ತೆಯಲ್ಲಿ ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಹಚ್ಚುವವರ ಹತ್ತಿರ ನಿಂತೆ, ಅವನೂ ನಿಂತ. ನಾನು ತಿರುಗಿ 'ನಿನಗೂ ದಾರ ಬೇಕಾ ಭಾಯ್' ಎಂದು ಕೇಳಿದೆ. ಅವನು ಹಲ್ಲು ಕಿರಿದ. ನಾನು ಚೀಲವನ್ನು ಎದೆಗೆ ಒತ್ತಿ ಹಿಡಿದು ಮನೆಗೆ ಬಂದೆ. ಭಾವ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಇವತ್ತು ಬೆಳಿಗ್ಗೆ ಅಕ್ಕನ ಬಾಯಲ್ಲಿ ಹೇಳಿಸಿದರು, ಹಬ್ಬ ಕಳೆದ ಮೇಲೆ ಎಲ್ಲಿಗೆ ಹೋಗುವ ಯೋಚನೆ ಎಂದು. ಅವರನ್ನು ನಾನು ಬೈಯುವುದಿಲ್ಲ. ಅವರಿಗೂ ನೌಕರಿ ಉಂಟು.

ಅರ್ಪಿತಾಳ ಹಾಸ್ಟೆಲಿಗೆ ಇಬ್ಬರು ಹೋಗಿ ವಾರ್ಡನ್ ಹತ್ತಿರ ಅವಳ ಬಗ್ಗೆ ಕೇಳಿದ್ದಾರೆ. ಇದನ್ನು ನಿಮಗೆ ಹೇಳಬಾರದು ಎಂದು ಅವಳೇ ಆಣೆ ಹಾಕಿಸಿದ್ದಳು, ಆದರೂ ಬರೆದೆ. ಹೇಳದೆ ಮುಚ್ಚಿಟ್ಟದ್ದು ನಮ್ಮ ಮನೆಯಲ್ಲಿ ಸಾಕಷ್ಟಾಗಿದೆ. ನಾನು ಅವಳಿಗೆ ಎಲ್ಲ ವಿವರಿಸಿ, ಏನು ಮಾಡಲಿ ಮಗಾ ಎಂದು ಕೇಳಿದೆ. ಅವಳ ಅರ್ಧ ಗುಜರಾತಿ ಅರ್ಧ ಕನ್ನಡದಲ್ಲಿ ಹೇಳಿದಳು, 'ಅಮ್ಮಾ, ಇಲ್ಯಾಸ್‌ಭಾಯ್ ನನಗೆ ಸೈಕಲ್ ಕಲಿಸಿದ್ದು. ನೀನು ಹೆದರಬೇಡ, ಪಪ್ಪಂಗೂ ಹೆದರಬೇಡ ಅಂತ ಹೇಳು' ಎಂದು. ಹಾಗಾಗಿ ಮಗಳ ಹೆಸರಿನಲ್ಲಿ ಇನ್ನು ಹೆದರಬೇಡಿ. ಅದು ಅವಳ ಮಾತು.

ಸೋಮವಾರ ನೀವು ಬಾಗಿಲು ಪೂರ್ವಕ್ಕೆ ಎಂದರೆ ಇಲ್ಯಾಸನಿಗೆ ಜೀವಾವಧಿ ಆಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು ಎಂದು ಮಂದಾಕಿನಿಬೆನ್ ಹೇಳಿದ್ದಾರೆ. ನಾನು ಅಲ್ಲಿಗೆ ಹೋಗಿರಲಿಲ್ಲ, ನನ್ನ ತಂದೆಯ ತಿಥಿಯಲ್ಲಿ ಕೂತಿದ್ದೆ ಎಂದರೆ ಸರ್ಕಾರಿ ವಕೀಲರು ನಿಮ್ಮನ್ನು ತಿರುಗಿಬಿದ್ದ ಸಾಕ್ಷಿ ಎನ್ನುತ್ತಾರೆ, ಗದರಿಸುತ್ತಾರೆ, ಸುಳ್ಳುಗಾರ ಎನ್ನುತ್ತಾರೆ. ಕೋರ್ಟಿನ ಒಳಗೆ ಅಷ್ಟು. ಹೊರಗೆ ಏನಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾಹೇಬರು ಹೋಟೆಲಿಗೆ ಬೀಗ ಹಾಕಿಸಬಹುದು. ಆ ಐದು ದಿನದ ಲೆಕ್ಕ ತೆಗೆದು ನಿಮ್ಮನ್ನೂ ಒಳಗೆ ಹಾಕಬಹುದು. ಏನೂ ಆಗುವುದಿಲ್ಲ ಎಂದು ನಿಮಗೆ ಧೈರ್ಯ ಹೇಳಲು ನನ್ನಿಂದ ಆಗದು.

ಆದರೆ ಒಂದು ಮಾತು. ಕಳೆದ ಶ್ರಾವಣದಲ್ಲಿ ಮತ್ತೆ ತಿಥಿ ಬಂದಾಗ ನೀವು ಎಳ್ಳುನೀರು ಬಿಡುವಾಗ ಕೈ ತಡೆದಿರಿ. ಭಟ್ಟರು ಮಂತ್ರ ಹೇಳಿ ಕಾದರು, ನೀವು ಕೈಯನ್ನೇ ನೋಡುತ್ತಾ ಕೂತಿರಿ. ನಾನು ಒಳಗಿನಿಂದ ನೋಡಿದೆ. ಆ ಕೈಯ ಸಂಕಟ ನನಗೆ ಅರ್ಥವಾಗುತ್ತದೆ, ಯಾಕೆಂದು ಕೊನೆಗೆ ಹೇಳುತ್ತೇನೆ. ಮುಂದಿನ ಶ್ರಾವಣದಲ್ಲಿ ನೀವು ಎಲ್ಲಿರುತ್ತೀರೋ, ನಾನು ಎಲ್ಲಿರುತ್ತೇನೋ ಗೊತ್ತಿಲ್ಲ. ಎಲ್ಲಿದ್ದರೂ ನಿಮ್ಮ ಕೈ ತಡೆಯದೆ ನೀರು ಬಿಡುವ ಹಾಗಿರಲಿ ಎಂದು ನನ್ನ ಆಸೆ.

ಸೋಮವಾರ ಹತ್ತು ಗಂಟೆಗೆ ನಾನು ಕೋರ್ಟಿನ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಸಾಕ್ಷಿ ಹೇಳುವವರನ್ನು ಮೊದಲೇ ಒಳಗೆ ಬಿಡುವುದಿಲ್ಲವಂತೆ. ಹೌದು, ನಾನೂ ಸಾಕ್ಷಿ. ಇಲ್ಯಾಸನ ಕಡೆಯಿಂದ. ನನ್ನ ಸರದಿ ಬರಲು ಇನ್ನೂ ತಿಂಗಳುಗಳು ಬೇಕು, ಆದರೂ ಆ ದಿನ ಬಂದು ಕೂರುತ್ತೇನೆ. ನೀವು ಒಳಗೆ ಹೋಗುವಾಗ ನಿಮ್ಮ ಮುಖ ನೋಡಬೇಕು. ಒಗೆದ ಅಂಗಿ ಹಾಕಿಕೊಂಡು ಬನ್ನಿ. ಬೀರುವಿನ ಕೆಳಗಿನ ಖಾನೆಯಲ್ಲಿ ಬಿಳಿಯದು ಉಂಟು, ಇಸ್ತ್ರಿ ಮಾಡಿಯೇ ಇಟ್ಟು ಬಂದಿದ್ದೇನೆ.

ಎಷ್ಟು ಜಗಳವಾಡಿದರೂ ನಿಮ್ಮವಳೇ ಆದ,
ಯಶೋದಾ

ತಾ.ಕ.: ಇದನ್ನು ಕಾಗದದ ಒಳಗೆ ಬರೆಯಲು ಮೂರು ಸಲ ನೋಡಿದೆ, ಕೈ ಬರಲಿಲ್ಲ. ನನಗೆ ಗುಜರಾತಿ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ ಎಂದು ನೀವು ತಿಳಿದಿದ್ದೀರಿ. ಅರ್ಪಿತಾಳಿಗೆ ಪಾಠ ಹೇಳಿಕೊಡುತ್ತಾ ನಾನೂ ಅವಳ ಜೊತೆ ಏಳನೇ ಕ್ಲಾಸಿನವರೆಗೆ ಓದಿದೆ. ನಿಮಗೆ ಹೇಳಲಿಲ್ಲ, ಹೋಟೆಲಿನ ಕಾಗದಪತ್ರಗಳನ್ನೆಲ್ಲ ನನ್ನ ತಲೆಗೆ ಕಟ್ಟುತ್ತೀರಿ ಎಂದು. ಆ ದಿನ ನೀವು ನನ್ನ ಕಡೆ ನೋಡಿದಾಗ ನಾನು ಬಾಗಿಲವರೆಗೂ ಬಂದೆನಲ್ಲ, ಮಡಿಯಲ್ಲಿದ್ದವಳು ಮುಟ್ಟುವಂತಿಲ್ಲ ಎಂದು ಪೇದೆ ಫೈಲನ್ನು ನನ್ನ ಮುಂದೆ ಬಿಡಿಸಿ ಹಿಡಿದನಲ್ಲ, ನೆನಪುಂಟಾ? ಹೆಂಗಸು ಸುಮ್ಮನೆ ನೋಡುತ್ತಾಳೆ ಎಂದುಕೊಂಡರು. ನಾನು ಮೊದಲನೇ ಪುಟ ಪೂರ್ತಿ ಓದಿದೆ. ಇಲ್ಯಾಸನ ಹೆಸರಿತ್ತು. ನೀವು ಅಲ್ಲಿ ಹಾಜರಿದ್ದಿರಿ ಎಂದಿತ್ತು. ಅವನನ್ನು ನಮ್ಮ ಗೋಡೌನಿನಲ್ಲಿಟ್ಟುಕೊಂಡದ್ದು ಆ ಕ್ಷಣ ನನ್ನ ಕಣ್ಣಿಗೆ ಕಟ್ಟಿತು. ಈ ಸಹಿ ಬಿದ್ದರೆ ನಾವು ಪೊಲೀಸರ ಕಡೆಯವರಾಗುತ್ತೇವೆ, ನಮ್ಮನ್ನು ಯಾರೂ ಮುಟ್ಟುವುದಿಲ್ಲ ಎನಿಸಿತು. ಎಲೆ, ಬ್ರಾಹ್ಮಣರು, ಪಿತೃಗಳು ಎಂದದ್ದೆಲ್ಲ ನೆಪ. ನೀವು ಓದಲು ಬಾರದೆ ಸಹಿ ಹಾಕಿದಿರಿ, ನಾನು ಓದಿಯೂ ಹಾಕಿಸಿದೆ. ಬಚ್ಚಲಿನ ಬಾಗಿಲಲ್ಲಿ ನಾನು ಸಹಿಸಲಾರದೆ ಹೋದದ್ದು ನಿಮ್ಮನ್ನಲ್ಲ. ಮೊನ್ನೆ ಮಂದಾಕಿನಿಬೆನ್ ಬೇರೊಂದು ಕೇಸಿಗೆ ಸೂರತ್ತಿಗೆ ಬಂದಿದ್ದಾಗ ನನ್ನ ಹೇಳಿಕೆಯಲ್ಲಿ ಇದನ್ನೂ ಸೇರಿಸಿ ಬರೆಸಿದ್ದೇನೆ. ಗುಜರಾತಿಯಲ್ಲಿ ನಾಲ್ಕು ಪುಟ. ಅವರು ಓದಿ ಹೇಳುತ್ತೇನೆ ಎಂದರು. ಬೇಡ ಎಂದು ನಾನೇ ಗಟ್ಟಿಯಾಗಿ ಓದಿ, ಆಮೇಲೆ ಸಹಿ ಹಾಕಿದೆ.